ಕೆಳಗಿನ ಗೆರೆ

ಮೇಸ್ತ್ರಿ ಹೋದ ಸುದ್ದಿ ನನಗೆ ಸಿಕ್ಕಿದ್ದು ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ. ಅವರು ಹೋಗಿದ್ದು ಅದಕ್ಕೂ ನಾಲ್ಕು ದಿನ ಮೊದಲು. ಶನಿವಾರ ನಾನು ಕತ್ರಿಗುಪ್ಪೆಯ ಮನೆಯಿಂದ ಒಂಬತ್ತೂವರೆಗೆ ಹೊರಟು, ಶ್ರೀನಗರ ಹಾದು, ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ನಡೆದು ಹೋಗುತ್ತೇನೆ. ಅವತ್ತು ಶ್ರೀನಗರದ ಏರಿನಲ್ಲಿ, ಅವರು ರಸ್ತೆ ಬದಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಜಾಗದಲ್ಲಿ, ಯಾರದೋ ಬಿಳಿ ಕಾರು ನಿಂತಿತ್ತು. ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸದೆಯೇ ಹೇಳಿದ. ಮಂಗಳವಾರ ಎದೆನೋವು ಬಂದಿತಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ. ನಾನು 'ಆಗಲಿ' ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಗುಡ್ಡ ಹತ್ತಿ, ಮಂಗಳಾರತಿ ತೆಗೆದುಕೊಂಡು, ಹನ್ನೊಂದೂವರೆಗೆ ಮನೆ ಸೇರಿದೆ. ಒಂದು ಗಂಟೆಗೆ ಊಟ. ಹುಳಿಗೆ ಉಪ್ಪು ಸಾಕಾಗಿದೆಯೇ ಎಂದು ಮನೆಯಾಕೆ ಕೇಳಿದಳು. ಸಾಕು ಎಂದೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡೂ ಇಲ್ಲ. ಎಲ್ಲರಿಗೂ ಅವರು ಮೇಸ್ತ್ರಿ. ಡೀಸೆಲ್ ಗಾಡಿಗಳ ಮೆಕ್ಯಾನಿಕ್. ನನಗಿಂತ ಒಂಬತ್ತು ವರ್ಷ ಚಿಕ್ಕವರು.

ನಾನು ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಗಾಡಿಗಳನ್ನು ತಪಾಸಣೆ ಮಾಡಿ ಹೊರಗೆ ಬಿಡುವ ಕೆಲಸದಲ್ಲಿದ್ದೆ. ಬೆಳಿಗ್ಗೆ ಐದೂಕಾಲಿಗೆ ಮೊದಲ ಬಸ್ ಗೇಟು ದಾಟಬೇಕು. ಅದಕ್ಕೆ ಮೊದಲು ಟೈರು, ಆಯಿಲ್, ನೀರು, ಬ್ರೇಕು, ದೀಪ. ಇದೇ ಕ್ರಮ, ಇದೇ ಸಾಲು. ನೀರೆಂದರೆ ರೇಡಿಯೇಟರ್ ಮುಚ್ಚಳ ತೆಗೆದು ತುಂಬಿ ತುಳುಕುವಷ್ಟು ಹಾಕುವುದು. ಅರ್ಧ ಎಂಬ ಲೆಕ್ಕವೇ ನಮ್ಮಲ್ಲಿರಲಿಲ್ಲ. ನಿವೃತ್ತಿಯಾದ ಮೇಲೆ ತಮ್ಮನ ಗಾಡಿಗಳನ್ನು ನೋಡಿಕೊಳ್ಳುವ ಕೆಲಸ ತಾನಾಗಿ ನನ್ನ ಮೇಲೆ ಬಂತು. ಅವನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಮೂರು ಪಿಕಪ್‌ಗಳಿದ್ದವು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಮೀನೆಲ್ಲ ಬಡಾವಣೆಯಾಗಿ, ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಮನೆ ಮತ್ತು ಅದರ ಹಿಂದಿನ ಒಂದು ಸೈಟು. ಸೈಟು ತಮ್ಮನ ಹೆಸರಿನಲ್ಲಿತ್ತು. ಅಲ್ಲೊಂದು ಹೊಂಗೆ ಮರ, ಮರದ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಮೇಸ್ತ್ರಿ. ನಾನು ನಿವೃತ್ತನಾಗುವ ಹೊತ್ತಿಗೆ ಅವರು ಅಲ್ಲಿ ಹದಿನಾರು ವರ್ಷ ಕಳೆದಿದ್ದರು.

ಮೊದಲ ದಿನ ಒಂಬತ್ತು ಗಂಟೆಗೆ ಸರಿಯಾಗಿ ಹೋಗಿ ನಿಂತೆ. ಅವರು ಬಂದದ್ದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ನಾನು ಕೈಗಡಿಯಾರ ನೋಡಿದೆ. ಅವರು ಬೀಗ ತೆಗೆಯುತ್ತಾ, "ನಿಮ್ಮ ವಾಚಿಗೆ ಸ್ವಲ್ಪ ಕೂಲೆಂಟ್ ಹಾಕಿಸ್ಬೇಕು ಸಾರ್, ಬಿಸಿಯಾಗಿದೆ" ಅಂದರು. ಮರುದಿನವೂ ಒಂಬತ್ತು ಹತ್ತಕ್ಕೇ ಬಂದರು, ಅದರ ಮರುದಿನವೂ. ಎರಡು ವಾರ ನೋಡಿದ ಮೇಲೆ ನನಗೆ ಅರ್ಥವಾಯಿತು: ಅವರು ತಡವಾಗಿ ಬರುವವರಲ್ಲ, ಒಂಬತ್ತು ಹತ್ತಕ್ಕೆ ಬರುವವರು. ಅಂದಿನಿಂದ ನನಗೆ ಅವರ ಮೇಲೆ ಗೌರವ. ಅವರು ನನ್ನನ್ನು 'ಇನ್‌ಸ್ಪೆಕ್ಟರ್ ಸಾರ್' ಎಂದು ಕರೆಯತೊಡಗಿದರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ.

ಸಣಕಲು ಆಳು. ಖಾಕಿ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ಬೋಲ್ಟಿನ ಗುಣಿ, ಬ್ಯಾಟರಿ ತುದಿ, ಎಲ್ಲವನ್ನೂ ಅದರಲ್ಲೇ ಉಜ್ಜುತ್ತಿದ್ದರು. ಹೊಸ ಭಾಗ ಯಾವುದನ್ನಾದರೂ ಮುಟ್ಟುವ ಮೊದಲು ಮರದ ಹೊಟ್ಟು ಮತ್ತು ಸೋಪಿನ ಪುಡಿಯಲ್ಲಿ ಮೊಣಕೈವರೆಗೆ ಕೈ ತೊಳೆದು, ಒಣಗುವವರೆಗೆ ಎರಡೂ ಕೈ ಮೇಲೆತ್ತಿಕೊಂಡು ನಿಲ್ಲುತ್ತಿದ್ದರು.

ಅವರ ದೊಡ್ಡ ಆಸ್ತಿಯೆಂದರೆ ಇಡ್ಲಿ ತಟ್ಟೆಗಳು. ನಮ್ಮ ಪಾತ್ರೆ ಗೋದಾಮಿನಲ್ಲಿ ಸೊಟ್ಟಗಾಗಿ ಬಾಡಿಗೆಗೆ ಹೋಗದೆ ಬಿದ್ದಿದ್ದ ಹತ್ತಾರು ತಟ್ಟೆಗಳನ್ನು ಕೇಳಿ ಪಡೆದಿದ್ದರು. ಎಂಜಿನ್ ಬಿಚ್ಚುವಾಗ ಒಂದೊಂದು ಜಾಗದ ಬೋಲ್ಟುಗಳನ್ನು ಒಂದೊಂದು ಗುಳಿಗೆ ಹಾಕುವರು. ಮೇಲಿನ ತಟ್ಟೆ ಮೊದಲು ಬಿಚ್ಚಿದ್ದು, ಕೆಳಗಿನದು ಕೊನೆಗೆ ಬಿಚ್ಚಿದ್ದು. ಜೋಡಿಸುವಾಗ ಕೆಳಗಿನಿಂದ ಶುರು. ಕೊನೆಯಲ್ಲಿ ಒಂದು ಗುಳಿಯಲ್ಲಾದರೂ ಒಂದು ಬೋಲ್ಟು ಮಿಕ್ಕಿದರೆ, ಇಡೀ ಎಂಜಿನ್ ಮತ್ತೆ ಬಿಚ್ಚುವುದೇ. ಬೇರೆ ಗ್ಯಾರೇಜುಗಳಲ್ಲಿ ಕೆಲಸವಾದ ಮೇಲೆ ಬೋಲ್ಟು ಮಿಗುವುದನ್ನು ಜಾಣತನವೆಂದು ಹೇಳಿಕೊಳ್ಳುವವರನ್ನು ನೋಡಿದ್ದೇನೆ. ಮೇಸ್ತ್ರಿಯ ಮುಂದೆ ಹಾಗೆಂದ ಡ್ರೈವರನೊಬ್ಬನಿಗೆ ಅವರು ಕೇಳಿದ್ದು ಇಷ್ಟೇ: ನಿಮ್ಮಮ್ಮನಿಗೆ ಆಪರೇಷನ್ ಆದ ಮೇಲೆ ಡಾಕ್ಟರ್ ಟ್ರೇನಲ್ಲಿ ಏನಾದ್ರೂ ಮಿಕ್ಕಿದ್ರೆ ಸುಮ್ನಿರ್ತೀಯಾ?

ಎಂಜಿನ್ ಬಿಸಿಯಾಗಿದೆಯೇ ಎಂದು ನೋಡಲು ಅವರು ಮೀಟರಿನತ್ತ ತಿರುಗುತ್ತಿರಲಿಲ್ಲ. ಮುಂಗೈ ಹಿಂಭಾಗವನ್ನು ಹೋಸ್ ಪೈಪಿಗೆ ತಾಗಿಸುವರು, ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಹಿಸುಕುವರು. "ಬಿಸಿ ಇರ್ಬೇಕು ಸಾರ್, ಸಿಟ್ಟಿರಬಾರದು" ಎಂಬುದು ಅವರ ಮಾತು. ನನ್ನ ತಮ್ಮನ ಬಗ್ಗೆಯೂ ಅದನ್ನೇ ಹೇಳುತ್ತಿದ್ದರು, ಅವನು ಇಲ್ಲದಾಗ.

ಮೂರು ಪಿಕಪ್‌ಗಳಲ್ಲಿ ಹಳೆಯದು ಏರು ಬಂದರೆ ಕುದಿಯುತ್ತಿತ್ತು. ಕಬ್ಬಿಣದ ಕಂಬ, ಕುರ್ಚಿ, ದೊಡ್ಡ ಹಂಡೆಗಳನ್ನು ಹೇರಿಕೊಂಡು ಕನಕಪುರ ರಸ್ತೆಯ ಛತ್ರಗಳಿಗೆ ಹೋಗುವಾಗ ಎರಡು ಕಡೆ ನಿಲ್ಲಿಸಿ ನೀರು ಹಾಕಬೇಕಿತ್ತು. ಹೊಸ ಗಾಡಿ ಕೊಳ್ಳುವುದಕ್ಕಿಂತ ಎಂಜಿನ್ ಬದಲಿಸೋಣವೆಂದು ತಮ್ಮ ತೀರ್ಮಾನಿಸಿದ. ಅದೇ ಕಂಪನಿಯ ಮುಂದಿನ ಮಾದರಿಯ ಟರ್ಬೊ ಎಂಜಿನ್ ಒಂದು ಅಪಘಾತದ ಗಾಡಿಯಿಂದ ಸಿಕ್ಕಿತು. ಆರ್‌ಟಿಓ ಕಾಗದ ಆಗದೆ ಒಂದು ಬೋಲ್ಟೂ ಬಿಚ್ಚುವುದಿಲ್ಲ ಎಂದರು ಮೇಸ್ತ್ರಿ. ತಮ್ಮ ಗೊಣಗಿದ. ನಾನು ಕಚೇರಿಗೆ ನಾಲ್ಕು ಸಲ ಅಲೆದು ಅನುಮತಿ ಮಾಡಿಸಿಕೊಂಡು ಬಂದೆ. ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಮೇಲೆಯೇ ಅವರು ಸ್ಪ್ಯಾನರ್ ಎತ್ತಿದ್ದು.

ಆ ಕೆಲಸ ನಡೆದ ಮೂರು ವಾರ ನನ್ನ ನಿವೃತ್ತ ಜೀವನದಲ್ಲಿ ಚೆನ್ನಾಗಿದ್ದ ದಿನಗಳು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ. ದಿನವೂ ಒಂಬತ್ತಕ್ಕೆ ಹೋಗಿ ಸ್ಟೂಲ್ ಮೇಲೆ ಕೂರುತ್ತಿದ್ದೆ. ಹೊಸ ಎಂಜಿನ್ನನ್ನೂ ಪೂರ್ತಿ ಬಿಚ್ಚಿ ರಿಂಗು, ಬೇರಿಂಗು, ಗ್ಯಾಸ್ಕೆಟ್ ಬದಲಿಸಿದರು. ಹಳೆಯ ಹಿತ್ತಾಳೆ ರೇಡಿಯೇಟರ್ ತೆಗೆದು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿದರು. ಇನ್ನು ಕೂಲೆಂಟ್, ಎಂಜಿನ್ ತಂಪಿಡಲು ರೇಡಿಯೇಟರಿಗೆ ತುಂಬುವ ದ್ರವ. ನಾನು ಅಂಗಡಿಯಿಂದ ಹಸಿರು ಬಣ್ಣದ ಕ್ಯಾನ್ ತಂದಿದ್ದೆ. ಡಿಪೋದಲ್ಲಿ ಕೊನೆಗಾಲದಲ್ಲಿ ಬರುತ್ತಿದ್ದುದು ಹಸಿರೇ.

ಅವರು ಅದನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಓದಿ ನನ್ನ ಕೈಗೇ ಕೊಟ್ಟರು.

"ಇದು ಈ ಎಂಜಿನ್‌ದಲ್ಲ ಸಾರ್."

"ಹಸಿರಾದ್ರೇನು, ಕೆಂಪಾದ್ರೇನು ಮೇಸ್ತ್ರಿ, ಕೂಲೆಂಟ್ ಕೂಲೆಂಟೇ ಅಲ್ವಾ?"

"ಬಣ್ಣ ನೋಡಿ ಮಾತ್ರೆ ನುಂಗ್ತೀರಾ ಸಾರ್? ಬಣ್ಣ ಕಂಪನಿಯೋರ ಇಷ್ಟ. ಹಿಂದ್ಗಡೆ ಏನ್ ಬರ್ದಿದೆ ನೋಡಿ, ಎಂಜಿನ್ ಬುಕ್ಕಲ್ಲಿ ಏನ್ ಕೇಳಿದೆ ನೋಡಿ. ಎರಡೂ ಕೂಡಿದ್ರೆ ಸರಿ. ಒಂದರ ಜೊತೆ ಇನ್ನೊಂದು ಕಲಸ್ಬಿಟ್ರೆ ಒಳಗೆ ಗಂಜಿ ಆಗುತ್ತೆ."

ಬೆಂಗಳೂರಿನಲ್ಲೇನು ಮಂಜುಗಡ್ಡೆ ಕಟ್ಟುತ್ತದೆಯೇ, ಇಷ್ಟೆಲ್ಲ ಯಾಕೆ, ಒಳ್ಳೆಯ ನೀರು ಸಾಲದೇ ಎಂದು ನಾನು ವಾದಿಸಿದೆ. ಮೂವತ್ನಾಲ್ಕು ವರ್ಷದಲ್ಲಿ ಬಹುಪಾಲು ನೀರಿನಲ್ಲೇ ಬಸ್ ಓಡಿಸಿದ್ದೇವೆ ಎಂದೆ. ಅವರು ತಾಳ್ಮೆಯಿಂದ ವಿವರಿಸಿದರು. ಹಳೆಯದು ಬರೀ ಕಬ್ಬಿಣ, ಹಿತ್ತಾಳೆ, ಏನು ಹಾಕಿದರೂ ತಡೆದುಕೊಳ್ಳುತ್ತಿತ್ತು. ಇದರ ಮೇಲ್ಭಾಗ, ಅಂದರೆ ಹೆಡ್ಡು, ಮತ್ತು ರೇಡಿಯೇಟರ್ ಎರಡೂ ಅಲ್ಯೂಮಿನಿಯಂ. ಟರ್ಬೊ ಇರುವುದರಿಂದ ಬಿಸಿಯೂ ಜಾಸ್ತಿ. ಬರೀ ನೀರು ಬೇಗ ಕುದಿಯುತ್ತದೆ, ಲೋಹ ತಿನ್ನುತ್ತದೆ, ಅದರ ಉಪ್ಪು ಕೊಳವೆಯಲ್ಲಿ ಗಟ್ಟಿ ಕಟ್ಟುತ್ತದೆ. ಕೂಲೆಂಟ್ ಇರುವುದು ಚಳಿಗಲ್ಲ, ಈ ಮೂರನ್ನು ತಡೆಯುವುದಕ್ಕೆ. ನಾನು ಹಸಿರು ಕ್ಯಾನ್ ವಾಪಸು ಕೊಟ್ಟು ಅವರು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ತಂದೆ. ಅದು ಗುಲಾಬಿ ಬಣ್ಣದ್ದು. ಅರ್ಧ ಅದು, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಬಿಳಿ ಪಿಂಗಾಣಿ ಬೋಗುಣಿಯಲ್ಲಿ ಕಲಸಿದರು, ಬಣ್ಣ ಸರಿಯಾಗಿ ಕಾಣಲೆಂದು.

ತುಂಬಿದ ಮೇಲೆ ಒಳಗಿನ ಗಾಳಿ ತೆಗೆಯಬೇಕಲ್ಲ, ಅದಕ್ಕೆ ಗಾಡಿಯನ್ನು ಶ್ರೀನಗರದ ಏರಿಗೆ ಕರೆದೊಯ್ದರು. ಮೂತಿ ಮೇಲೆ ಮಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ಎಂಜಿನ್ ಚಾಲೂ ಇಟ್ಟು, ಹೋಸ್ ಹಿಸುಕುತ್ತಾ ನಿಂತರು. ಗುಳ್ಳೆ ಬರುವುದು ನಿಲ್ಲಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ನಾನು ಎಣಿಸಿದ್ದೆ. ಆಮೇಲೆ ಮುಚ್ಚಳ ಹಾಕಿ, ರೇಡಿಯೇಟರಿಗೆ ಜೋಡಿಸಿದ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಎರಡು ಗೆರೆಗಳನ್ನು ತೋರಿಸಿದರು.

"ಸಾರ್, ಬೆಳಿಗ್ಗೆ ತಣ್ಣಗಿರುವಾಗ ಕೆಳಗಿನ ಗೆರೆ ಹತ್ರ ಇರುತ್ತೆ. ಓಡಿ ಬಂದ್ಮೇಲೆ ಮೇಲಿನ ಗೆರೆಗೆ ಏರುತ್ತೆ. ಅದು ಉಸಿರಾಡೋದು. ನೋಡಿ, ಆದ್ರೆ ಮುಟ್ಬೇಡಿ."

ಆಗಲಿ ಎಂದೆ.

ಮರುದಿನ ಬೆಳಿಗ್ಗೆ ಆರಕ್ಕೆ ಬಾನೆಟ್ ಎತ್ತಿದೆ. ಟೈರು, ಆಯಿಲ್, ನೀರು. ಡಬ್ಬಿಯಲ್ಲಿ ಕೆಳಗಿನ ಗೆರೆಯಲ್ಲಿತ್ತು. ನನ್ನ ಕಣ್ಣಿಗೆ ಅದು ಕಡಿಮೆ. ಮೇಸ್ತ್ರಿ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಕೈ ಮಾತ್ರ ಅದರ ಪಾಡಿಗೆ ತಂಬಿಗೆ ಎತ್ತಿಕೊಂಡಿತು. ಮೇಲಿನ ಗೆರೆಗೆ ಸರಿಯಾಗಿ ಹಾಕಿದೆ. ಕಾವೇರಿ ನೀರು, ಬೋರ್‌ವೆಲ್‌ನದಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಲ್ಲಿ ಬಾರದ ದಿನಗಳಲ್ಲಿ ಬೋರ್‌ವೆಲ್‌ನದೇ ಹಾಕಿದ್ದೂ ಉಂಟು. ಗಾಡಿ ಓಡಿ ಬಿಸಿಯಾದಾಗ ಹೆಚ್ಚಾದದ್ದು ಮುಚ್ಚಳದ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮರುದಿನ ಮತ್ತೆ ಕೆಳಗಿನ ಗೆರೆ. ಮತ್ತೆ ತಂಬಿಗೆ. ಹೀಗೆ ದಿನಕ್ಕೊಂದಿಷ್ಟು ಗುಲಾಬಿ ಹೊರಗೆ, ಒಂದಿಷ್ಟು ನೀರು ಒಳಗೆ. ಎಲ್ಲವೂ ನನ್ನ ಪುಸ್ತಕದಲ್ಲಿದೆ. ನೂರು ಪುಟದ ನೋಟ್‌ಬುಕ್, ದಿನಕ್ಕೊಂದು ಸಾಲು. ಟೈರು: ಸರಿ. ಆಯಿಲ್: ಸರಿ. ನೀರು: ಹಾಕಿದೆ. ಒಂದು ದಿನವೂ ತಪ್ಪದೆ ಹದಿಮೂರು ತಿಂಗಳು.

ಹದಿಮೂರನೆಯ ತಿಂಗಳಲ್ಲಿ ಒಂದು ಮದುವೆಯ ಬೆಳಿಗ್ಗೆ, ಕನಕಪುರ ರಸ್ತೆಯ ಏರಿನಲ್ಲಿ ಗಾಡಿ ಬಿಳಿ ಹೊಗೆ ಕಾರಿ ನಿಂತಿತು. ಅಡುಗೆಯ ಪಾತ್ರೆಗಳೆಲ್ಲ ಅದರಲ್ಲೇ ಇದ್ದವು. ತಮ್ಮನೇ ಓಡಿಸುತ್ತಿದ್ದ. ಛತ್ರದಲ್ಲಿ ಹೆಣ್ಣಿನ ಕಡೆಯವರು ಹತ್ತು ಜನರ ಮುಂದೆ ಅವನನ್ನು ಬೈದರಂತೆ. ಮುಹೂರ್ತದ ಹೊತ್ತಿಗೆ ಬಂದವರಿಗೆ ಕಾಫಿಯೂ ಆಗಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಗಾಡಿಯನ್ನು ಕಟ್ಟಿ ಎಳೆದುಕೊಂಡು ಶೆಡ್ಡಿಗೆ ತಂದಾಗ ಅವನ ಕಣ್ಣು ಕೆಂಪಗಿತ್ತು.

ಮೇಸ್ತ್ರಿ ಬಿಳಿ ಬೋಗುಣಿಯನ್ನು ಕೆಳಗಿಟ್ಟು ರೇಡಿಯೇಟರಿನ ಅಡಿಯ ಬಿರಡೆ ತೆಗೆದರು. ಬಿದ್ದದ್ದು ಗುಲಾಬಿಯಲ್ಲ. ಮಣ್ಣು ಸೋಸಿದಂಥ ಕಲಕು ನೀರು. ಹೆಡ್ ಬಿಚ್ಚಿದಾಗ ಅದರಡಿಯ ಗ್ಯಾಸ್ಕೆಟ್ ಸುಟ್ಟಿತ್ತು. ನೀರಿನ ದಾರಿಯ ಸುತ್ತ ಅಲ್ಯೂಮಿನಿಯಂ ಹುಳು ತಿಂದಂತಾಗಿತ್ತು. ಕೊಳವೆಗಳ ಬಾಯಲ್ಲಿ ಗೀಸರಿನೊಳಗೆ ಕಟ್ಟುತ್ತದಲ್ಲ, ಅಂಥ ಬಿಳಿ ಪೊರೆ. ಬೋಗುಣಿ ನೋಡಿದ ಕ್ಷಣದಲ್ಲೇ ನನಗೆ ತಿಳಿಯಿತು. ಅವರಿಗೂ ತಿಳಿಯಿತು. ಬೆರಳದ್ದಿ ಮೇಲೆತ್ತಿ ನನ್ನ ಮುಖ ನೋಡಿದರು.

"ಏನ್ ಹಾಕಿದ್ದೆ ಮೇಸ್ತ್ರಿ ಇದಕ್ಕೆ? ನಲ್ಲಿ ನೀರಿಗೆ ಬಣ್ಣ ಕಲಸಿ ಕೂಲೆಂಟ್ ಅಂದ್ಯಾ?" ಎಂದ ತಮ್ಮ.

"ಕೂಲೆಂಟೇ ಯಜಮಾನ್ರೇ. ಇನ್‌ಸ್ಪೆಕ್ಟರ್ ಸಾರ್ ಇದ್ರು ಹಾಕುವಾಗ."

ತಮ್ಮ ನನ್ನ ಕಡೆ ತಿರುಗಿದ. "ಅಣ್ಣ, ದಿನಾ ಬೆಳಿಗ್ಗೆ ನೋಡ್ತಿದ್ದೆ ಅಲ್ವಾ ನೀನು? ಹೇಳು."

"ದಿನಾ ನೋಡಿದೀನಿ," ಎಂದೆ. "ಬುಕ್ಕಲ್ಲಿದೆ."

ಅಷ್ಟೇ ನಾನು ಹೇಳಿದ್ದು. ಅದರಲ್ಲಿ ಸುಳ್ಳಿಲ್ಲ. ಪುಸ್ತಕ ನನ್ನ ಕಂಕುಳಲ್ಲೇ ಇತ್ತು. ಮೇಸ್ತ್ರಿ ಕೈ ಒರೆಸಿಕೊಂಡು ಅದನ್ನು ಕೇಳಿ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು, ನೀರು ಎಂದು ಬರೆದ ಕಡೆ ಬೆರಳಿಟ್ಟು, ಮೇಲಿನಿಂದ ಕೆಳಗೆ ಇಳಿಸುತ್ತಾ ಹೋದರು. ಪುಟ ತಿರುವಿದರು. ಇನ್ನೊಂದು ಪುಟ. ತಮ್ಮ ಅಷ್ಟರಲ್ಲಿ ಫೋನಿನಲ್ಲಿ ಛತ್ರದವರಿಗೆ ಸಮಾಧಾನ ಹೇಳುತ್ತಿದ್ದ. ಅವನು ಫೋನ್ ಕೆಳಗಿಟ್ಟಾಗ ಮೇಸ್ತ್ರಿ ಪುಸ್ತಕ ಮುಚ್ಚಿದರು. ರಟ್ಟಿನ ಮೇಲೆ ಹೆಬ್ಬೆರಳಿನ ಮಸಿ ಹತ್ತಿತ್ತೆಂದು ಬಟ್ಟೆಯಿಂದ ಒರೆಸಿ ನನಗೆ ವಾಪಸು ಕೊಟ್ಟರು.

"ಇನ್‌ಸ್ಪೆಕ್ಟರ್ ಸಾರ್ ಎಲ್ಲಾ ಸರಿಯಾಗೇ ಬರ್ದಿದಾರೆ."

ಹೇಳಿ, ಸ್ವಲ್ಪ ಹೊತ್ತು ನಿಂತರು. ಎಷ್ಟು ಹೊತ್ತು ಎಂದು ನಾನು ಎಣಿಸಲಿಲ್ಲ. ಗುಳ್ಳೆ ನಿಲ್ಲುವುದಕ್ಕೆ ಕಾದಂತೆಯೇ ನಿಂತಿದ್ದರು. ನಾನು ಹೊಂಗೆ ಮರ ನೋಡುತ್ತಿದ್ದೆ. ತಮ್ಮ ತಿಂಗಳೊಳಗೆ ಜಾಗ ಖಾಲಿ ಮಾಡಬೇಕೆಂದು ಹೇಳಿ ಹೊರಟುಹೋದ.

ಹೊರಡುವ ಮೊದಲು ಅವರು ಆ ಎಂಜಿನ್ನನ್ನು ಮತ್ತೆ ಸರಿಮಾಡಿದರು. ಹನ್ನೊಂದು ದಿನ. ನಾನು ಆ ದಿನಗಳಲ್ಲೂ ಒಂಬತ್ತಕ್ಕೆ ಹೋಗಿ ಸ್ಟೂಲ್ ಮೇಲೆ ಕೂತೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅವರು ಸ್ಪ್ಯಾನರ್ ಕೇಳಿದರೆ ಕೊಟ್ಟೆ. ಇಡ್ಲಿ ತಟ್ಟೆಯಲ್ಲಿ ಒಂದು ಬೋಲ್ಟೂ ಮಿಗಲಿಲ್ಲ. ಕೊನೆಯ ದಿನ ಗುಲಾಬಿ ಕೂಲೆಂಟ್ ತುಂಬಿ, ಏರಿಗೆ ಒಯ್ದು ಗಾಳಿ ತೆಗೆದು, ಡಬ್ಬಿಯ ಮುಚ್ಚಳದ ಮೇಲೆ ಅಡ್ಡಡ್ಡ ಸಣ್ಣ ತಂತಿ ಸುತ್ತಿ, ಕಟಿಂಗ್ ಪ್ಲೇಯರಿನಿಂದ ತಿರುಚಿ ಬಿಗಿದರು.

"ಇದನ್ನ ಬಿಚ್ಚೋದು ನಾನೇ," ಎಂದರು. "ಎರಡು ವರ್ಷಕ್ಕೆ ಬದಲಾಯಿಸ್ಬೇಕು. ಅಲ್ಲಿವರ್ಗೂ ನೋಡಿದ್ರೆ ಸಾಕು."

ಸಾಮಾನನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಶ್ರೀನಗರಕ್ಕೆ ಹೋದರು. ಶೆಡ್ಡು ಸಿಗಲಿಲ್ಲ. ಆ ಏರಿನ ರಸ್ತೆ ಬದಿಯಲ್ಲೇ, ಮೇಲೊಂದು ನೀಲಿ ಟಾರ್ಪಾಲು ಕಟ್ಟಿ ಕೂತರು. ದೊಡ್ಡ ಕೆಲಸ ಅಲ್ಲಿ ಆಗುವುದಿಲ್ಲ. ಎಂಜಿನ್ ಇಳಿಸಲು ಜಾಗವಿಲ್ಲ, ಮಳೆ ಬಂದರೆ ಹೆಡ್ ಬಿಚ್ಚುವಂತಿಲ್ಲ. ಆಯಿಲ್ ಬದಲಿಸುವುದು, ಹೋಸ್ ಹಾಕುವುದು, ಕೂಲೆಂಟ್ ತುಂಬುವುದು. ಇಪ್ಪತ್ತು ವರ್ಷ ಎಂಜಿನ್ ಕಟ್ಟಿದ ಕೈ. ನಮ್ಮ ಸೈಟಿನಲ್ಲಿ ಹೊಂಗೆ ಮರ ಕಡಿದು, ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತು. ಕೆಳಗೆ ಮೊಬೈಲ್ ಅಂಗಡಿ ಬಂತು.

ಶನಿವಾರ ನಾನು ಆ ದಾರಿಯಲ್ಲಿ ಹೋಗುವಾಗ ಅವರು ತಲೆ ಎತ್ತದೆಯೇ ಕೇಳುತ್ತಿದ್ದರು:

"ಗೆರೆ ಎಲ್ಲಿದೆ ಸಾರ್?"

"ಕೆಳಗಿದೆ."

"ಸರಿ."

ಇಷ್ಟೇ. ವಾರಕ್ಕೊಮ್ಮೆ, ಎರಡು ವರ್ಷ. ಕೆಲವು ಸಲ ನಾನು ನಿಲ್ಲುತ್ತಿದ್ದೆ. ಇಡ್ಲಿ ತಟ್ಟೆಗಳನ್ನು ಚರಂಡಿಯ ಕಲ್ಲಿನ ಮೇಲೆ ಜೋಡಿಸಿಟ್ಟಿರುತ್ತಿದ್ದರು. ಅವರು ನನ್ನತ್ತ ನೋಡುವರು, ನಾನು ಗಡಿಯಾರ ನೋಡುವೆ, ಮಂಗಳಾರತಿಗೆ ಹೊತ್ತಾಯಿತೆಂದು ಹೊರಡುವೆ. ತಮ್ಮನಿಗೆ ಹೇಳಬೇಕೆಂದು ತೀರ್ಮಾನಿಸಿಯೇ ಇದ್ದೆ. ಯುಗಾದಿ ಕಳೆಯಲಿ ಎಂದುಕೊಂಡೆ. ಮದುವೆಯ ಸೀಸನ್ನು ಮುಗಿಯಲಿ, ಅವನು ಒತ್ತಡದಲ್ಲಿದ್ದಾನೆ ಎಂದುಕೊಂಡೆ. ಕಟ್ಟಡದ ಗೃಹಪ್ರವೇಶವಾಗಲಿ ಎಂದುಕೊಂಡೆ. ಬದುಕಿನಲ್ಲಿ ಯಾವ ಕೆಲಸವನ್ನೂ ನಾಳೆಗೆ ಎತ್ತಿಟ್ಟವನಲ್ಲ ನಾನು. ಇದೊಂದನ್ನೇ.

ಆಮೇಲೆ ಗಮನಿಸಿದೆ, ಆ ಭಾಗದ ಹಾಲಿನ ಗಾಡಿ, ತರಕಾರಿ ಗಾಡಿ, ಸಿಲಿಂಡರ್ ಗಾಡಿ, ಬಾನೆಟ್ ಎತ್ತಿದ ಕಡೆಯೆಲ್ಲ ಮುಚ್ಚಳಕ್ಕೆ ತಂತಿ ಸುತ್ತಿರುತ್ತಿತ್ತು. ಅವರ ಕೈಯ ತಿರುಚು ನನಗೆ ಗೊತ್ತು. ಎರಡೂವರೆ ಸುತ್ತು, ತುದಿ ಒಳಕ್ಕೆ.

ಸುದ್ದಿ ಕೇಳಿದ ಮರುದಿನ, ಭಾನುವಾರ, ಎಂಟು ಗಂಟೆಗೆ ತಿಂಡಿ ತಿಂದು ತಮ್ಮನ ಮನೆಗೆ ಹೋದೆ. ಅವನು ಪೇಪರ್ ಓದುತ್ತಿದ್ದ. ಮೇಸ್ತ್ರಿ ಹೋದರು ಎಂದೆ. ಹೌದಂತೆ, ಪಾಪ ಎಂದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಎರಡು ಗೆರೆ, ತಂಬಿಗೆ, ಹದಿಮೂರು ತಿಂಗಳು. ತಪ್ಪು ಮೇಸ್ತ್ರಿಯದಲ್ಲ, ನನ್ನದು ಎಂದೆ. ಪುಸ್ತಕವನ್ನೂ ತಂದಿದ್ದೆ. ಅವನು ಅದನ್ನು ತೆರೆಯಲಿಲ್ಲ.

"ಹೋಗ್ಲಿ ಬಿಡಣ್ಣ. ಹಳೇ ಮಾತು. ಎಂಜಿನ್ ಹೋಗ್ದೆ ಇದ್ದಿದ್ರೂ ಆ ಜಾಗ ಖಾಲಿ ಮಾಡಿಸ್ಲೇಬೇಕಿತ್ತು. ಆಗ್ಲೇ ಪ್ಲಾನ್ ಸ್ಯಾಂಕ್ಷನ್ನಿಗೆ ಕೊಟ್ಟಿದ್ದೆ. ಕಾಫಿ ಕುಡೀತೀಯಾ?"

ಕುಡಿದೆ. ಎರಡು ವರ್ಷ ನಾನು ಎತ್ತಲಾರದೆ ಇಟ್ಟುಕೊಂಡಿದ್ದ ಮಾತು ಅವನ ಕೈಯಲ್ಲಿ ಏನೂ ತೂಗಲಿಲ್ಲ. ಅದೇ ಮಾತನ್ನು ಆವತ್ತು ಶೆಡ್ಡಿನಲ್ಲಿ ಹೇಳಿದ್ದರೂ ಮೇಸ್ತ್ರಿ ಅಲ್ಲಿಂದ ಏಳುವುದು ತಪ್ಪುತ್ತಿರಲಿಲ್ಲವೇನೋ. ಆದರೆ ಕೆಟ್ಟ ಕೆಲಸ ಮಾಡಿದ ಮೆಕ್ಯಾನಿಕ್ ಎನಿಸಿಕೊಂಡು ಏಳುತ್ತಿರಲಿಲ್ಲ. ಕಾಫಿ ಮುಗಿಸುವಾಗ ಅಷ್ಟು ಮಾತ್ರ ಯೋಚಿಸಿದೆ. ಬೇರೆ ಏನೂ ಅನ್ನಿಸಲಿಲ್ಲ.

ಮಂಗಳವಾರ ಅವರ ಮನೆಗೆ ಹೋದೆ. ಹನುಮಂತನಗರದ ಗುಡ್ಡದ ಹಿಂಬದಿ, ಓಣಿಯ ಕೊನೆಗೆ ಎರಡು ಕೋಣೆಯ ಮನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಅವರ ಹೆಂಡತಿ ಚಾಪೆ ಹಾಸಿದರು. ಮೂಲೆಯಲ್ಲಿ ಇಡ್ಲಿ ತಟ್ಟೆಗಳು ತೊಳೆದು ಕವುಚಿಟ್ಟಿದ್ದವು. ನಾನು ಹೇಳುವ ಮೊದಲೇ ಆಕೆಗೆ ನಾನು ಯಾರೆಂದು ತಿಳಿದಿತ್ತು. ಗಡಿಯಾರ ನೋಡಿಕೊಂಡು ಬಂದ್ರಿ ನೋಡಿ, ಅದರಲ್ಲೇ ಗೊತ್ತಾಯ್ತು ಅಂದರು.

ಗಾಡಿಯವರು ಒಬ್ಬೊಬ್ಬರಾಗಿ ಬರುತ್ತಿದ್ದಾರಂತೆ. ಮುಚ್ಚಳದ ತಂತಿ ಮೇಸ್ತ್ರಿಯೇ ಬಿಚ್ಚಬೇಕೆಂದಿದ್ದರು, ಈಗ ಯಾರು ಬಿಚ್ಚಬೇಕು ಎಂದು ಕೇಳುತ್ತಾರಂತೆ. ಆಕೆ ಎದ್ದು ಒಳಗಿನಿಂದ ಕಟಿಂಗ್ ಪ್ಲೇಯರ್ ತಂದು ನನ್ನ ಮುಂದಿಟ್ಟರು. ನಿಮಗಾದರೆ ಗೊತ್ತಿರುತ್ತದೆ, ದಿನಾ ನೋಡುವವರು ನೀವು ಎಂದರು.

ನಾನು ಅದನ್ನು ಮುಟ್ಟಲಿಲ್ಲ.

"ಅಮ್ಮ, ಆ ಎಂಜಿನ್ನಿಗೆ ನೀರು ಹಾಕಿದ್ದು ನಾನು. ಮೇಸ್ತ್ರಿ ತಪ್ಪಲ್ಲ."

ಆಕೆ ಪ್ಲೇಯರನ್ನು ಮತ್ತೆ ಕೈಗೆತ್ತಿಕೊಂಡು ಸೆರಗಿನಿಂದ ಅದರ ಹಿಡಿ ಒರೆಸತೊಡಗಿದರು.

"ಗೊತ್ತು ಸಾರ್. ಆವತ್ತೇ ಬಂದು ಹೇಳಿದ್ರು. ನೀವ್ಯಾಕೆ ಬಾಯಿ ಬಿಡ್ಲಿಲ್ಲ ಅಂತ ನಾನು ಅವರ ಹತ್ರ ಜಗಳ ಆಡ್ದೆ. ಸಾರೇ ಹೇಳ್ತಾರೆ ಬಿಡೇ, ಹೇಳ್ದೆ ಇರೋ ಮನುಷ್ಯ ಅಲ್ಲ ಅವರು, ಅಂದ್ರು. ಶನಿವಾರ ಶನಿವಾರ ಕೇಳ್ತಿದ್ದೆ, ಹೇಳಿದ್ರಾ ಅಂತ."

ಪ್ಲೇಯರನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು, "ನಿಮ್ಮ ತಮ್ಮನೋರಿಗೆ ಹೇಳಿದ್ರಾ ಸಾರ್?"

"ಹೇಳಿದೆ. ಮೊನ್ನೆ."

"ಮೊನ್ನೆ," ಎಂದರು ಆಕೆ.

ಆಮೇಲೆ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಕುಡಿದು ಲೋಟ ಕೆಳಗಿಟ್ಟೆ. ಹೊರಡುವಾಗ ಪ್ಲೇಯರನ್ನು ಆಕೆಯೇ ನನ್ನ ಕೈಗೆ ಕೊಟ್ಟರು. ಜೇಬಿಗೆ ಹಾಕಿಕೊಂಡೆ.

ಬುಧವಾರ ಬೆಳಿಗ್ಗೆ ಆರಕ್ಕೆ ಬಾನೆಟ್ ಎತ್ತಿದೆ. ಟೈರು ಸರಿ, ಆಯಿಲ್ ಸರಿ. ಡಬ್ಬಿಯ ಮುಚ್ಚಳದ ಮೇಲೆ ತಂತಿ ಹಾಗೇ ಇತ್ತು. ಎರಡೂವರೆ ಸುತ್ತು, ತುದಿ ಒಳಕ್ಕೆ. ಎರಡು ವರ್ಷ ತುಂಬಿದೆ, ಈ ತಿಂಗಳು ಬಿಚ್ಚಿ ಬದಲಿಸಬೇಕು. ಪ್ಲೇಯರ್ ಜೇಬಿನಲ್ಲಿತ್ತು. ಪ್ಲಾಸ್ಟಿಕ್ಕಿನ ಹಿಂದೆ ಗುಲಾಬಿ ಬಣ್ಣ ನಿಚ್ಚಳವಾಗಿ ಕಾಣುತ್ತಿತ್ತು.

ಗೆರೆ ಕೆಳಗಿತ್ತು. ಬಾನೆಟ್ ಮುಚ್ಚಿದೆ. ಶನಿವಾರಕ್ಕೆ ಇನ್ನೂ ಮೂರು ದಿನವಿದೆ, ಆ ದಾರಿಯಲ್ಲಿ ಕೇಳುವವರಿಲ್ಲ.